ಬುಟ್ಬುಡು ತಪ್ಪಲ್ಲ

ಕಳೆದ ಆಷಾಢದ ಒಂದು ಸಂಜೆ ನನ್ನ ತಮ್ಮನ ಮಗಳು ನೋಟ್‌ಬುಕ್ ಹಿಡಿದುಕೊಂಡು ಬಂದು ಜಗಲಿಯ ಮೇಲೆ ನನ್ನ ಪಕ್ಕ ಕೂತಳು. ಎಂಟನೇ ಕ್ಲಾಸು. ಮಾರನೆಯ ದಿನ ಟೆಸ್ಟು. ನಾಲ್ಕು ಪುಟದ ತುಂಬ ಇಂಗ್ಲಿಷಿನ ಫ್ರೇಸಲ್ ವರ್ಬುಗಳು, ಎದುರಿಗೆ ಕನ್ನಡದ ಅರ್ಥ, ನಡುವೆ ಸ್ಕೇಲಿಟ್ಟು ಎಳೆದ ಕೆಂಪು ಗೆರೆ. ಕಣ್ಣು ಮುಚ್ಚಿಕೊಂಡು ಮಗ್ಗಿಯ ರಾಗದಲ್ಲಿ ಹೇಳಿಕೊಳ್ಳುತ್ತಿದ್ದಳು. ಗಿವ್ ಅಪ್ ತ್ಯಜಿಸು, ಪುಟ್ ಆಫ್ ಮುಂದೂಡು, ಟರ್ನ್ ಡೌನ್ ತಿರಸ್ಕರಿಸು, ಲುಕ್ ಆಫ್ಟರ್ ಪೋಷಿಸು, ಬ್ರೇಕ್ ಡೌನ್ ಸ್ಥಗಿತಗೊಳ್ಳು. ಎರಡು ಪುಟ ಮುಗಿದ ಮೇಲೆ ನಿಲ್ಲಿಸಿ, ಕಣ್ಣು ಬಿಟ್ಟು ಕೇಳಿದಳು:

"ದೊಡ್ಡಪ್ಪ, ತ್ಯಜಿಸು ಅಂದ್ರೇನು?"

ಎದೆಗೆ ಗುದ್ದಿದಂತಾಯಿತು. ಮೂವತ್ತು ವರ್ಷ ಇದೇ ಮಂಡ್ಯ ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದವನು ನಾನು. ಮಗು ಗೊತ್ತಿಲ್ಲದ ಒಂದು ಭಾಷೆಯನ್ನು ಗೊತ್ತಿಲ್ಲದ ಇನ್ನೊಂದು ಭಾಷೆಯಿಂದ ಕಲಿಯುತ್ತಿದೆ, ಎರಡೂ ಕಡೆ ಕತ್ತಲು.

"ನಿಮ್ಮಪ್ಪ ಬೀಡಿ ಸೇದೋದ ಏನ್ ಮಾಡ್ತವ್ವ?" ಎಂದು ಕೇಳಿದೆ.

"ಬುಟ್ಬುಡ್ತು."

"ಅದೇ ಕಣವ್ವ ಗಿವ್ ಅಪ್ಪು."

"ಅಷ್ಟೇಯಾ?" ಅಂದಳು. ಮುಖ ಅರಳಿತು. ಮಾರನೆಯ ದಿನ ಟೆಸ್ಟಿನಲ್ಲಿ ಗಿವ್ ಅಪ್ ಎದುರಿಗೆ 'ಬಿಟ್ಟುಬಿಡು' ಎಂದು ಬರೆದಳು. ಪಟ್ಟಿಯಲ್ಲಿರುವ ಅರ್ಥ ಅದಲ್ಲ ಎಂದು ಅದರ ಮೇಲೆ ಕೆಂಪು ಗೆರೆ ಬಿತ್ತು, ಅಂಕ ಹೋಯಿತು. ಅವಳ ಪಕ್ಕದಲ್ಲಿ ಕೂತ ಹುಡುಗಿ 'ತ್ಯಜಿಸು' ಎಂದು ಬರೆದು ಅಂಕ ಪಡೆದಳು. ತ್ಯಜಿಸು ಅಂದರೇನೆಂದು ಆ ಹುಡುಗಿಗೂ ಗೊತ್ತಿರಲಿಲ್ಲ.

ನಾನು ಈ ಲೇಖನ ಬರೆಯುತ್ತಿರುವುದು ಆ ಅಂಕಕ್ಕಾಗಿ ಅಲ್ಲ. ಆ ಗೆರೆ ಎಳೆದ ಕೈಯ ಮೇಲೂ ನನಗೆ ಸಿಟ್ಟಿಲ್ಲ, ಹಾಗೆ ಎಳೆಯಬೇಕೆಂದು ಆ ಕೈಗೆ ಕಲಿಸಿದವರು ನಾವೇ. ನನ್ನ ತಕರಾರು ಇರುವುದು ಆ ಗೆರೆಯ ಹಿಂದೆ ನಿಂತಿರುವ ನಂಬಿಕೆಯ ಮೇಲೆ. ನಮ್ಮ ಕೊಪ್ಪ ಹೋಬಳಿಯಿಂದ ಮದ್ದೂರಿನವರೆಗೆ, ಮಳವಳ್ಳಿಯಿಂದ ಬೆಂಗಳೂರಿನವರೆಗೆ ಯಾರನ್ನು ಕೇಳಿದರೂ ಅದೇ ಮಾತು: ಇಂಗ್ಲಿಷಿನ ಫ್ರೇಸಲ್ ವರ್ಬಿಗೆ ತಲೆಬುಡ ಇಲ್ಲ, ಲೆಕ್ಕ ಇಲ್ಲ, ತರ್ಕ ಇಲ್ಲ. ಆದ್ದರಿಂದ ಬಾಯಿಪಾಠ ಒಂದೇ ದಾರಿ. ಬಾಯಿಪಾಠ ಆಗುವಾಗ ಕನ್ನಡ ಅಡ್ಡ ಬರುತ್ತದೆ, ಆದ್ದರಿಂದ ಕನ್ನಡವನ್ನು ದೂರ ಇಡಿ, ಇಂಗ್ಲಿಷಿನಲ್ಲೇ ಯೋಚನೆ ಮಾಡಿ. ಮೇಷ್ಟ್ರು ಹೇಳುತ್ತಾರೆ, ಕೋಚಿಂಗ್ ಸೆಂಟರಿನವರು ಹೇಳುತ್ತಾರೆ, ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ನೇತುಹಾಕಿರುವ 'ಮೂವತ್ತು ದಿನದಲ್ಲಿ ಇಂಗ್ಲಿಷ್' ಪುಸ್ತಕಗಳು ಹೇಳುತ್ತವೆ, ದಿನಕ್ಕೆ ಹತ್ತು ಫ್ರೇಸಲ್ ವರ್ಬು ಕಳಿಸುವ ವಾಟ್ಸಾಪ್ ಗುಂಪುಗಳು ಹೇಳುತ್ತವೆ. ಈ ಮಾತಿನ ಒಂದೊಂದು ತುಂಡೂ ತಪ್ಪು.

ಮೊದಲು ಪಟ್ಟಿಯ ವಿಚಾರ.

ಇನ್ನೂರು, ಐನೂರು, ಸಾವಿರ ಎಂದು ಪಟ್ಟಿ ಮಾಡುವವರು ಭಾಷೆಯಲ್ಲಿ ಯಾವುದು ಎಷ್ಟು ಬಳಕೆಯಲ್ಲಿದೆ ಎಂದು ನೋಡುವುದೇ ಇಲ್ಲ. ಗಾರ್ಡ್‌ನರ್ ಮತ್ತು ಡೇವಿಸ್ ಎಂಬ ಇಬ್ಬರು ವಿದ್ವಾಂಸರು 10 ಕೋಟಿ ಪದಗಳ ಬ್ರಿಟಿಷ್ ನ್ಯಾಷನಲ್ ಕಾರ್ಪಸ್ಸನ್ನು ಜಾಲಾಡಿ 2007ರಲ್ಲಿ ಲೆಕ್ಕ ಕೊಟ್ಟರು. ಅದರಲ್ಲಿ ಬರುವ ಫ್ರೇಸಲ್ ವರ್ಬುಗಳ ಹೆಚ್ಚುಕಡಿಮೆ ಮೂರರಲ್ಲಿ ಒಂದು ಭಾಗ ಬರೀ 25ರಿಂದಲೇ ಬರುತ್ತದೆ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು 100ರಿಂದ. ಗೋ ಆನ್, ಕ್ಯಾರಿ ಔಟ್, ಸೆಟ್ ಅಪ್, ಪಿಕ್ ಅಪ್ ಇವೇ ಮುಂಚೂಣಿಯಲ್ಲಿರುವುವು. ಅಂದರೆ ಮಗುವಿಗೆ ಮೊದಲು ಬೇಕಾದದ್ದು ನೂರು, ಅದೂ ಚೆನ್ನಾಗಿ. ಚೆನ್ನಾಗಿ ಎನ್ನುವುದಕ್ಕೆ ಕಾರಣವಿದೆ. ಆ ನೂರಕ್ಕೆ ನಿಘಂಟಿನ ಲೆಕ್ಕದಲ್ಲಿ ತಲಾ ಐದಕ್ಕಿಂತ ಹೆಚ್ಚು ಅರ್ಥ ಸಿಗುತ್ತದೆ. 2015ರಲ್ಲಿ ಗಾರ್ನಿಯೆ ಮತ್ತು ಶ್ಮಿಟ್ ಇದನ್ನು ಇನ್ನೂ ಸೋಸಿ, 150 ಫ್ರೇಸಲ್ ವರ್ಬುಗಳಿಗೆ ನಿಜವಾಗಿ ಬಳಕೆಯಲ್ಲಿರುವ 288 ಅರ್ಥಗಳನ್ನು ಆರಿಸಿ ಕೊಟ್ಟರು. ನಮ್ಮ ಪಟ್ಟಿಗಳು ಒಂದಕ್ಕೆ ಒಂದೇ ಅರ್ಥ ಬರೆದು ಗೆರೆ ಎಳೆಯುತ್ತವೆ. ಪಿಕ್ ಅಪ್ ಅಂದರೆ ಎತ್ತಿಕೊ ಎಂದು ಕಲಿತ ಹುಡುಗ, ಮೈಸೂರಿನಲ್ಲಿದ್ದು ತಮಿಳನ್ನು ಪಿಕ್ ಅಪ್ ಮಾಡಿದ ಎಂಬ ಮಾತನ್ನು ಓದಿದಾಗ ಏನನ್ನು ಎತ್ತಿಕೊಳ್ಳಬೇಕು?

ಇದು ಹೊಸ ಕಷ್ಟವೂ ಅಲ್ಲ. ಇಂಗ್ಲಿಷಿನ ಮಹಾ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲೇ ತನ್ನ ನಿಘಂಟಿನ ಮುನ್ನುಡಿಯಲ್ಲಿ, ಹೊರಗಿನವರನ್ನು ಅತಿಯಾಗಿ ಕಾಡುವುದು ಈ ಜೋಡಿ ಮಾತುಗಳೇ ಎಂದು ಒಪ್ಪಿಕೊಂಡಿದ್ದ. 1930ರಲ್ಲಿ ಆಗ್ಡೆನ್ ಎಂಬಾತ ಇಡೀ ಜಗತ್ತಿಗೆ ಸುಲಭವಾದ ಇಂಗ್ಲಿಷ್ ಕೊಡುತ್ತೇನೆಂದು 850 ಪದಗಳ 'ಬೇಸಿಕ್ ಇಂಗ್ಲಿಷ್' ಮಾಡಿದ. ಕ್ರಿಯಾಪದ ಬರೀ 18. ಹೇಗೆ ಸಾಧ್ಯವಾಯಿತು? ಗೆಟ್, ಪುಟ್, ಟೇಕ್, ಗಿವ್ ಇವುಗಳಿಗೆ ಅಪ್, ಆಫ್, ಔಟ್ ಜೋಡಿಸಿ ಜೋಡಿಸಿ ನೂರಾರು ಕ್ರಿಯೆಗಳ ಕೆಲಸ ತೆಗೆದ. ಪದ ಕಡಿಮೆ ಮಾಡಿದ, ಕಷ್ಟವನ್ನು ಜೋಡಣೆಯೊಳಗೆ ಬಚ್ಚಿಟ್ಟ. ಆಗಲೇ ಟೀಕಾಕಾರರು ಅದನ್ನು ಎತ್ತಿ ತೋರಿಸಿದರು. ಪದ ಎಣಿಸಿ ಭಾಷೆ ಕಲಿಸಬಹುದು ಎಂಬ ಭ್ರಮೆ ಅಲ್ಲಿಯೇ ಮುಗಿಯಬೇಕಿತ್ತು.

ಇನ್ನು ಬಾಯಿಪಾಠ ಒಂದೇ ದಾರಿ ಎನ್ನುವವರಿಗೆ ನನ್ನದೊಂದು ಪ್ರಶ್ನೆ. ಕರ್ನಾಟಕದ ಯಾವ ಹಳ್ಳಿಯ ಶಾಲೆಗೆ ಬೇಕಾದರೂ ಹೋಗಿ, ಒಂದನೇ ಕ್ಲಾಸಿನ ಮಗುವನ್ನು ನಿಲ್ಲಿಸಿ, 'ಸಿಟ್ ಡೌನ್' ಅನ್ನಿ. ಕೂರುತ್ತದೆ. 'ಸ್ಟ್ಯಾಂಡ್ ಅಪ್' ಅನ್ನಿ. ಏಳುತ್ತದೆ. 'ಗೆಟ್ ಔಟ್', 'ಶಟ್ ಅಪ್' ಅನ್ನಿ, ಮುಖ ಬಾಡುತ್ತದೆ. ಈ ನಾಲ್ಕೂ ಫ್ರೇಸಲ್ ವರ್ಬೇ. ಈ ನಾಲ್ಕನ್ನು ಯಾವ ಮಗುವಿಗೆ ಯಾರು ಪಟ್ಟಿ ಬರೆಸಿದರು? ಸಿಟ್ ಡೌನ್ ಅಂದರೆ 'ಆಸೀನನಾಗು' ಎಂದು ಯಾರು ಉರು ಹೊಡೆಸಿದರು? ಮಕ್ಕಳು ಅದನ್ನು ಕಲಿತದ್ದು ದಿನಾ ಕೇಳಿ, ಕೇಳಿದ ಕೂಡಲೇ ಮೈಯಲ್ಲಿ ಮಾಡಿ. ನಮ್ಮ ಶಾಲೆಗಳು ಪೂರ್ತಿಯಾಗಿ ಕಲಿಸಿದ ಫ್ರೇಸಲ್ ವರ್ಬುಗಳು ಇವು ನಾಲ್ಕೇ, ಅವನ್ನು ಕಲಿಸಬೇಕೆಂದು ಯಾರೂ ಹೊರಟಿರಲಿಲ್ಲ. ಮಾತಿಗೆ ಕೆಲಸವಿದ್ದಾಗ ಮಾತು ಹತ್ತುತ್ತದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೆ? ಬೈಗುಳವನ್ನು ಇಷ್ಟು ಚೆನ್ನಾಗಿ ಕಲಿಸಿದ ನಾವು ಬದುಕಿಗೆ ಬೇಕಾದದ್ದನ್ನು ಮಗ್ಗಿಯ ರಾಗಕ್ಕೆ ಬಿಟ್ಟಿದ್ದೇವೆ, ಅದು ನನ್ನ ಸಂಕಟ.

ತರ್ಕ ಇಲ್ಲ ಎಂಬ ಮಾತಿಗೆ ಬರುತ್ತೇನೆ. ನಮ್ಮವರಿಗೆ ಹೀಗೆ ಅನ್ನಿಸುವುದು ಅವರು ತಮ್ಮ ಬಾಯಿಗೆ ಕಿವಿಗೊಡದೆ ಇರುವುದರಿಂದ.

ಕೊಪ್ಪದ ಸಂತೆಯಲ್ಲಿ, ಬಸ್ಸಿನಲ್ಲಿ, ಡೇರಿಯ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತವರ ನಡುವೆ ಅರ್ಧ ಗಂಟೆ ನಿಲ್ಲಿ. 'ಬಿಡು' ಎಂಬ ಎರಡಕ್ಷರ ಏನೇನು ಮಾಡುತ್ತದೆ ನೋಡಿ. ಸ್ಕೂಲು ಬಿಟ್ಟಿತು ಅಂದರೆ ಸಂಜೆಯ ಗಂಟೆ ಹೊಡೆಯಿತು. ಹುಡುಗ ಸ್ಕೂಲು ಬಿಟ್ಟ ಅಂದರೆ ಇನ್ನು ಆ ಕಡೆ ಹೋಗುವುದಿಲ್ಲ. ನಾಲೆಗೆ ನೀರು ಬಿಟ್ಟರು. ಹೊಸ ಬಸ್ಸು ಬಿಟ್ಟರು. ಅವನ ಮಗ ಟ್ರ್ಯಾಕ್ಟರ್ ಬಿಡುತ್ತಾನೆ. ಹುರುಳಿ ಹೂ ಬಿಟ್ಟಿದೆ. ಸೀರೆ ಬಣ್ಣ ಬಿಟ್ಟಿತು. ದಾಯಾದಿ ಮಾತು ಬಿಟ್ಟ. ಕಳ್ಳ ಬಾಯಿಬಿಟ್ಟ. ನಂಬಿದವನು ಕೈಬಿಟ್ಟ. ಇನ್ನೊಂದು ಕ್ರಿಯೆಯ ಬೆನ್ನಿಗೆ ಬಂದರೆ ಕೆಲಸ ಪೂರಾ ಮುಗಿಯಿತು ಎಂಬ ಮುದ್ರೆ: ತಿಂದುಬಿಟ್ಟ, ಹೇಳಿಬಿಟ್ಟ, ಕೊಟ್ಟುಬಿಟ್ಟ. ಇಂಗ್ಲಿಷಿನವರು ಈಟ್ ಅಪ್, ಯೂಸ್ ಅಪ್, ಫಿನಿಷ್ ಅಪ್ ಎಂದಾಗ ಆ 'ಅಪ್' ಮಾಡುವ ಕೆಲಸವೂ ಇದೇ. ಅಲ್ಲಿ ಯಾರೂ ಮೇಲಕ್ಕೆ ಹೋಗುತ್ತಿಲ್ಲ, ತಟ್ಟೆ ಖಾಲಿಯಾಗುತ್ತಿದೆ.

'ತಲೆ ಹಾಕು' ತೆಗೆದುಕೊಳ್ಳಿ. ನಮ್ಮ ವಿಷಯಕ್ಕೆ ತಲೆ ಹಾಕಬೇಡ ಅಂದರೆ ಮೂಗು ತೂರಿಸಬೇಡ. ಮದುವೆಗೆ ಕರೆದರೂ ಆ ಕಡೆ ತಲೆ ಹಾಕಲಿಲ್ಲ ಅಂದರೆ ಬರಲೇ ಇಲ್ಲ, ಇಂಗ್ಲಿಷಿನವನ ಟರ್ನ್ ಅಪ್ ಆಗಲಿಲ್ಲ. ತಲೆಗೂ ಹಾಕುವುದಕ್ಕೂ ಇಲ್ಲಿ ಏನು ಸಂಬಂಧ ಎಂದು ಹೊರಗಿನವನು ಕೇಳಿದರೆ ಏನು ಹೇಳುತ್ತೀರಿ? ಆದರೂ ನಾಲ್ಕು ವರ್ಷದ ಮಗು ಎರಡನ್ನೂ ಬೆರಸದೆ ಆಡುತ್ತದೆ. ಇಷ್ಟು ತೊಡಕಿನ ಯಂತ್ರವನ್ನು ನಾಲಗೆಯ ಮೇಲೆ ಇಟ್ಟುಕೊಂಡಿರುವ ಮಗುವಿಗೆ, ನಿನಗೆ ಇದು ಅರ್ಥವಾಗುವುದಿಲ್ಲ, ಉರು ಹೊಡಿ ಎನ್ನುವುದು ಅನ್ಯಾಯ.

ಕೆಲವು ಕಡೆಯಂತೂ ಎರಡು ಭಾಷೆಗಳು ಒಂದೇ ಹೆಜ್ಜೆ ಇಟ್ಟಿವೆ. ಲುಕ್ ಅಂದರೆ ನೋಡು, ಲುಕ್ ಆಫ್ಟರ್ ಅಂದರೆ ನೋಡಿಕೊ. "ಅವ್ವನ್ನ ಚೆಂದಾಗಿ ನೋಡ್ಕೊ" ಎನ್ನುವ ಮಂಡ್ಯದ ಹೆಣ್ಣುಮಗಳಿಗೆ ಲುಕ್ ಆಫ್ಟರನ್ನು 'ಪೋಷಿಸು' ಎಂದು ಬರೆಸುವುದು ಯಾಕೆ? ಲುಕ್ ಡೌನ್ ಆನ್ ಅಂದರೆ ಕೀಳಾಗಿ ನೋಡು. ಕೀಳು ಅಂದರೆ ಕೆಳಗೆ ಎಂಬುದೇ ಅದರ ಹಳೆಯ ಅರ್ಥ. ಪುಟ್ ಅಂದರೆ ಹಾಕು, ಪುಟ್ ಆಫ್ ಅಂದರೆ ಮುಂದಕ್ಕೆ ಹಾಕು: "ಮದ್ವೆ ಮುಂದುಕ್ಕಾಕುದ್ರು." ಟರ್ನ್ ಡೌನ್ ಅಂದರೆ ತಳ್ಳಿಹಾಕು. ಮಾತುಕತೆ ಬ್ರೇಕ್ ಡೌನ್ ಆದರೆ ಮುರಿದುಬಿತ್ತು, ಟ್ರ್ಯಾಕ್ಟರ್ ಬ್ರೇಕ್ ಡೌನ್ ಆದರೆ ಕೆಟ್ಟು ನಿಂತಿತು. ಈ 'ಮುರಿದುಬೀಳು', 'ಕೆಟ್ಟು ನಿಲ್ಲು' ಇವೂ ಜೋಡಿ ಮಾತುಗಳೇ ಅಲ್ಲವೇ? ಸ್ಥಗಿತಗೊಂಡ ಟ್ರ್ಯಾಕ್ಟರನ್ನು ನಾನು ಮದ್ದೂರು ತಾಲ್ಲೂಕಿನಲ್ಲಿ ಇದುವರೆಗೆ ಕಂಡಿಲ್ಲ. ಬೆಲೆ ಏರುತ್ತದೆ, ಜ್ವರ ಇಳಿಯುತ್ತದೆ, ದನಿ ಏರುತ್ತದೆ, ಸಿಟ್ಟು ಇಳಿಯುತ್ತದೆ. ಗೋ ಅಪ್, ಕಮ್ ಡೌನ್, ಕಾಮ್ ಡೌನ್ ಇವೆಲ್ಲ ಹುಟ್ಟಿದ್ದು ಮನುಷ್ಯನ ಇದೇ ಮೈಯಿಂದ, ಇದೇ ಮೇಲು-ಕೆಳಗಿನ ಅನುಭವದಿಂದ. ಲೇಕಾಫ್, ಜಾನ್ಸನ್ ಎಂಬ ಅಮೆರಿಕದ ವಿದ್ವಾಂಸರು 1980ರಲ್ಲಿ ಒಂದು ಇಡೀ ಪುಸ್ತಕ ಬರೆದು ಇದನ್ನು ತೋರಿಸಿದರು. ನಮ್ಮ ಪಟ್ಟಿಗಳಿಗೆ ಆ ಗಾಳಿ ಇನ್ನೂ ಸೋಕಿಲ್ಲ.

ನಮ್ಮ ಸೀಮೆಯ ಮಕ್ಕಳ ಕಣ್ಣಮುಂದೆ ಇರುವ ಒಂದು ಜಾಗವನ್ನೇ ಹೇಳುತ್ತೇನೆ, ಆಲೆಮನೆ. ಗಾಣದಿಂದ ಕಬ್ಬಿನ ಹಾಲು ಕೊಪ್ಪರಿಗೆಗೆ ಬೀಳುತ್ತದೆ. ಕಬ್ಬಿನ ಸಿಪ್ಪೆಯ ಉರಿ ಹಾಕುತ್ತಾರೆ. ಹಾಲು ಕುದಿಯುತ್ತದೆ, ಮಡ್ಡಿ ಮೇಲೆ ಬರುತ್ತದೆ, ತೆಗೆದು ಎಸೆಯುತ್ತಾರೆ. ಉರಿ ಜೋರಾದರೆ ಉಕ್ಕಿ ಅಂಚು ಮೀರುತ್ತದೆ, ನಿಂತವರು ಹಿಂದಕ್ಕೆ ಸರಿಯುತ್ತಾರೆ. ಕುದಿಯುತ್ತ ಕುದಿಯುತ್ತ ತುಂಬಿದ ಕೊಪ್ಪರಿಗೆ ಇಳಿಯುತ್ತದೆ, ಗಟ್ಟಿಯಾಗುತ್ತದೆ, ಪಾಕ ಬಂತೆಂದು ಅನುಭವಸ್ಥ ನೋಡಿ ಹೇಳುತ್ತಾನೆ. ಕೊನೆಗೆ ಅಷ್ಟೆಲ್ಲ ಹಾಲಿನಿಂದ ಉಳಿಯುವುದು ಅಚ್ಚಿಗೆ ಹಾಕುವ ಆ ಒಂದಿಷ್ಟು ಬೆಲ್ಲ. ಇಂಗ್ಲಿಷಿನವನು ಇದಕ್ಕೆ ಬಾಯಿಲ್ ಡೌನ್ ಎನ್ನುತ್ತಾನೆ. ಊರ ಜಗಳ, ಜಮೀನಿನ ಜಗಳ, ಅಣ್ಣತಮ್ಮಂದಿರ ಜಗಳ, ಎಲ್ಲವೂ ಕೊನೆಗೆ ದುಡ್ಡಿಗೇ ಬಾಯಿಲ್ ಡೌನ್ ಆಗುತ್ತದೆ ಎಂದಾಗ ಅವನ ಕಣ್ಣಮುಂದೆ ಇರುವುದೂ ಕುದಿದು ಕುದಿದು ತಳದಲ್ಲಿ ಉಳಿದದ್ದೇ. ಉಕ್ಕಿ ಅಂಚು ಮೀರುವುದು ಬಾಯಿಲ್ ಓವರ್. ಸಿಟ್ಟು ಉಕ್ಕುವುದಕ್ಕೂ ಅದೇ ಮಾತು. ಲಂಡನ್ನಿನ ಮಗುವಿಗೆ ಬಾಯಿಲ್ ಡೌನ್ ಅರ್ಥ ಮಾಡಿಸಲು ಒಲೆಯ ಮೇಲೆ ಪಾತ್ರೆ ಇಟ್ಟು ತೋರಿಸಬೇಕು. ಕೊಪ್ಪದ ಮಗು ಅದನ್ನು ಮೂಸಿ ನೋಡಿದೆ, ಅದರ ಬಿಸಿ ಬೆಲ್ಲವನ್ನು ಎಲೆಯ ಮೇಲೆ ಹಾಕಿಸಿಕೊಂಡು ನೆಕ್ಕಿದೆ. ಅಂಥ ಮಗುವಿನ ನೋಟ್‌ಬುಕ್ಕಿನಲ್ಲಿ ಬಾಯಿಲ್ ಡೌನ್ ಎದುರಿಗೆ 'ಸಾರಾಂಶಗೊಳ್ಳು' ಎಂದಿತ್ತು.

ಆ ಪದ ಬರೆಸಿದವರು ಕನ್ನಡದಲ್ಲೇ ಅರ್ಥ ಹೇಳಿದೆವು ಎಂದುಕೊಂಡಿದ್ದಾರೆ. ಪಟ್ಟಿಯ ಬಲಗಡೆಯಲ್ಲಿರುವುದು ಕನ್ನಡವೇ ಇರಬಹುದು, ಮಗುವಿನ ಕನ್ನಡ ಅಲ್ಲ. ತ್ಯಜಿಸು, ತಿರಸ್ಕರಿಸು, ಸ್ಥಗಿತಗೊಳ್ಳು ಇವು ಒಳ್ಳೆಯ ಮಾತುಗಳೇ, ಓದುತ್ತ ಓದುತ್ತ ಮಗುವಿಗೂ ಬರಲಿ. ಆದರೆ ಫ್ರೇಸಲ್ ವರ್ಬು ಇಂಗ್ಲಿಷಿನಲ್ಲಿ ಅಡುಗೆಮನೆಯ ಮಾತು, ಅಂಗಳದ ಮಾತು. ಅದಕ್ಕೆ ಸರಿಜೋಡಿ ನಮ್ಮ ಅಂಗಳದಲ್ಲೇ ಇದೆ. ಅದನ್ನು ಬಿಟ್ಟು ಪಂಡಿತರ ಪಡಸಾಲೆಯಲ್ಲಿ ಹುಡುಕಿದರೆ ಅರ್ಥವೂ ಕೆಡುತ್ತದೆ, ಮಾತಿನ ಮಟ್ಟವೂ ಕೆಡುತ್ತದೆ. ಐ ಗೇವ್ ಅಪ್ ಎಂದವನು 'ನಾನು ತ್ಯಜಿಸಿದೆನು' ಎನ್ನುತ್ತಿಲ್ಲ, 'ಬುಟ್ಬುಟ್ಟೆ ಕಣೋ' ಎನ್ನುತ್ತಿದ್ದಾನೆ. ಇದೇ ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯ ರಾಮಣ್ಣನವರು ವೃತ್ತಿಯಲ್ಲಿ ಡಾಕ್ಟರು. ಓದಿದ್ದು ಇಂಗ್ಲಿಷಿನಲ್ಲಿರುವ ವೈದ್ಯಶಾಸ್ತ್ರ. ಕಥೆ ಬರೆಯಲು ಕೂತಾಗ ಈ ನೆಲದ ಬಾಯಿಮಾತನ್ನೇ ಆರಿಸಿಕೊಂಡರು, ಕನ್ನಡ ಸಾಹಿತ್ಯದಲ್ಲಿ ಅದಕ್ಕೆ ಜಾಗ ಮಾಡಿಕೊಟ್ಟರು. ಆ ಊರಿನ ಸುತ್ತಮುತ್ತಲ ಮಕ್ಕಳ ಬಾಯಿಮಾತನ್ನು ಇವತ್ತು ಅದೇ ಸೀಮೆಯಲ್ಲಿ ಕೆಂಪು ಶಾಯಿಯಿಂದ ಹೊಡೆದುಹಾಕುತ್ತಿದ್ದೇವೆ.

ಇಂಗ್ಲಿಷಿನಲ್ಲೇ ಯೋಚನೆ ಮಾಡು ಎಂಬ ಉಪದೇಶದ ವಿಚಾರ ಹೇಳುವಾಗ ನನಗೆ ದನಿ ಏರುತ್ತದೆ, ಓದುಗರು ಕ್ಷಮಿಸಬೇಕು. ಕನ್ನಡ ಆಡಿದರೆ ದಂಡ ಕಟ್ಟಿಸುವ ಶಾಲೆಗಳನ್ನು ನೋಡಿದ್ದೇನೆ. ಮನೆಯಲ್ಲೂ ಕನ್ನಡ ಆಡಬೇಡಿ ಎಂದು ಹೇಳಿಸಿಕೊಂಡು, ಬೆವರು ಒರೆಸಿಕೊಂಡು ಹೊರಗೆ ಬಂದ ತಂದೆಯನ್ನು ನೋಡಿದ್ದೇನೆ. ಆತ ಆಡದೆ ಇದ್ದರೆ ಆ ಮನೆಯಲ್ಲಿ ಇನ್ಯಾವ ಭಾಷೆ ಇದೆ? ಮೌನ. ಯೋಚನೆ ಮಾಡುವುದಕ್ಕೆ ಒಂದು ಭಾಷೆ ಬೇಕು. ಇರುವ ಭಾಷೆಯನ್ನು ಕಿತ್ತುಕೊಂಡು, ಇನ್ನೂ ಬಾರದ ಭಾಷೆಯಲ್ಲಿ ಯೋಚಿಸು ಎಂದರೆ ಮಗು ಯೋಚಿಸುವುದನ್ನೇ ನಿಲ್ಲಿಸಿ ಉರು ಹೊಡೆಯುತ್ತದೆ. ಮಗ್ಗಿಯ ರಾಗ ಹುಟ್ಟುವುದು ಅಲ್ಲಿಂದ.

ಇದಕ್ಕೆ ಎದುರು ವಾದ ಇದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕನ್ನಡದಲ್ಲಿ ಯೋಚಿಸುವ ಮಗು 'ಆನ್ ದ ಫ್ಯಾನ್', 'ಆಫ್ ದ ಲೈಟ್' ಎಂದು ಬರೆಯುತ್ತದೆ, ನೋಡಿ ಕನ್ನಡದ ಕಾಟ ಎನ್ನುತ್ತಾರೆ. ಬರೆಯುತ್ತದೆ, ನಿಜ. ಯಾಕೆಂದು ಕೇಳಿದವರು ಎಷ್ಟು ಜನ? ನಾವು ಮೋಟಾರು ಆನ್ ಮಾಡು, ಲೈಟು ಆಫ್ ಮಾಡು ಎನ್ನುತ್ತೇವೆ. ಇಂಗ್ಲಿಷಿನ ಸ್ವಿಚ್ ಆನ್‌ನಿಂದ ತಲೆಯನ್ನು ಬಿಟ್ಟು ಬಾಲವನ್ನು ಮಾತ್ರ ತೆಗೆದುಕೊಂಡೆವು, ನಮ್ಮ 'ಮಾಡು' ತಲೆಯ ಕೆಲಸ ಮಾಡುತ್ತಿದೆ. ಕನ್ನಡದ ಮಟ್ಟಿಗೆ ಅದು ಅಚ್ಚುಕಟ್ಟಾದ ಕಟ್ಟಡ. ಮಗು ಅದೇ ಬಾಲವನ್ನು ಇಂಗ್ಲಿಷಿಗೆ ವಾಪಸು ಒಯ್ದಾಗ ಅಲ್ಲಿ 'ಮಾಡು' ಇಲ್ಲ, ತಲೆ ಇಲ್ಲದೆ ನಿಂತಿತು. ಇದನ್ನು ಬೋರ್ಡಿನ ಮೇಲೆ ಎರಡು ಸಾಲು ಬರೆದು ತೋರಿಸಿದರೆ ಸಾಕು, ಆ ತಪ್ಪು ಮತ್ತೆ ಬರುವುದು ಅಪರೂಪ. ನಾನು ತೋರಿಸಿದ್ದೇನೆ, ಕಂಡಿದ್ದೇನೆ. ತೋರಿಸಬೇಕಾದರೆ ಕನ್ನಡ ತರಗತಿಯೊಳಗೆ ಇರಬೇಕು. ಹೊರಗೆ ಹಾಕಿದರೆ ತಪ್ಪು ಒಳಗೇ ಉಳಿಯುತ್ತದೆ, ಕಾರಣ ಮಾತ್ರ ಹೊರಗೆ ಹೋಗುತ್ತದೆ.

'ಕೋಪ್ ಅಪ್' ಎಂದು ಬರೆಯುವವರನ್ನು ನೋಡಿ ನಗುವವರೂ ಇದ್ದಾರೆ. ಇಂಗ್ಲಿಷಿನಲ್ಲಿ ಬರೀ ಕೋಪ್ ಸಾಕು. ಆದರೆ ಆ ಹುಡುಗ 'ಅಪ್' ಯಾಕೆ ಹಚ್ಚಿದ? 'ಅಪ್' ಅಂದರೆ ಕೆಲಸ ಮುಗಿಸಿದ ಮುದ್ರೆ ಎಂದು ಅವನ ಕಿವಿಗೆ ಯಾರೂ ಹೇಳಿಕೊಡದೆಯೇ ಗೊತ್ತಾಗಿದೆ, ನಿಭಾಯಿಸಿಬಿಟ್ಟೆ ಎನ್ನುವಾಗ ನಾವು ಬಿಡು ಹಚ್ಚುವ ಹಾಗೆ ಅವನು ಹಚ್ಚಿದ್ದಾನೆ. ಕಾಲೇಜಿನಿಂದ 'ಪಾಸ್ ಔಟ್' ಆದೆ ಎನ್ನುವುದಂತೂ ಸೈನಿಕ ತರಬೇತಿ ಸಂಸ್ಥೆಗಳ ಪಾಸಿಂಗ್ ಔಟ್ ಪೆರೇಡಿನಿಂದ ಬಂದಿರಬಹುದಾದ ಮಾತು, ಬೇರೆ ದೇಶದವರಿಗೆ ಅದು ಪ್ರಜ್ಞೆ ತಪ್ಪಿ ಬಿದ್ದೆ ಎಂದು ಕೇಳಿಸುತ್ತದೆ. ತಿದ್ದಬೇಕು, ಒಪ್ಪುತ್ತೇನೆ. ನಗಬಾರದು.

ಎರಡು ಭಾಷೆ ಎಲ್ಲೆಲ್ಲೂ ಒಂದೇ ಎಂದು ನಾನು ಹೇಳುತ್ತಿಲ್ಲ. ನಮ್ಮಲ್ಲಿ ಬೆನ್ನಿಗೆ ಬರುವುದು ಇನ್ನೊಂದು ಕ್ರಿಯೆ ಅಥವಾ ಮುಂದೆ ನಿಲ್ಲುವುದು ಕೈ, ಬಾಯಿ, ತಲೆ. ಅವರಲ್ಲಿ ದಿಕ್ಕು ಹೇಳುವ ಪುಟ್ಟ ಮಾತು. ಅವರಲ್ಲಿ ಎಷ್ಟೋ ಕಡೆ ಇಟ್, ಹಿಮ್ ಇವು ನಡುವೆ ನುಗ್ಗಲೇಬೇಕು: ಪುಟ್ ಇಟ್ ಆಫ್ ಸರಿ, ಪುಟ್ ಆಫ್ ಇಟ್ ತಪ್ಪು. ನಮಗೆ ಆ ಪದ್ಧತಿಯೇ ಇಲ್ಲ, ಇಲ್ಲಿ ಕನ್ನಡ ಕೈಹಿಡಿಯುವುದಿಲ್ಲ. ಇದು ಕಿವಿಗೆ ಬೀಳಬೇಕು, ಪೂರ್ತಿ ವಾಕ್ಯದಲ್ಲಿ, ಮತ್ತೆ ಮತ್ತೆ. ಪಟ್ಟಿಯಲ್ಲಿ ವಾಕ್ಯವೇ ಇಲ್ಲವಲ್ಲ! ಕನ್ನಡದ ನೆರವು ಸಿಗದ ಈ ಒಂದು ಜಾಗದಲ್ಲೂ ಪಟ್ಟಿ ಮಗುವಿಗೆ ಏನೂ ಕೊಡುವುದಿಲ್ಲ.

ಹಾಗಾದರೆ ಮಾಡುವುದೇನು ಎಂದು ಕೇಳುವ ಶಿಕ್ಷಕ ಮಿತ್ರರಿಗೆ ನಾನು ಪರದೇಶ ತೋರಿಸುವುದಿಲ್ಲ. 1963ರಿಂದ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. ಅದರ ಆಸರೆಯಲ್ಲಿ 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಎಂಬ ವಿದ್ವಾಂಸರು ದಕ್ಷಿಣ ಭಾರತದ ಹಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಜಗತ್ತು ಅದನ್ನು 'ಬೆಂಗಳೂರು ಪ್ರಾಜೆಕ್ಟ್' ಎಂದೇ ಕರೆಯುತ್ತದೆ. ವ್ಯಾಕರಣದ ಪಟ್ಟಿ ಇಲ್ಲ, ಪದದ ಪಟ್ಟಿ ಇಲ್ಲ. ರೈಲಿನ ವೇಳಾಪಟ್ಟಿ ಕೊಟ್ಟು ಇಂಥ ಊರಿಗೆ ಇಂಥ ಹೊತ್ತಿಗೆ ಮುಟ್ಟಬೇಕಾದರೆ ಯಾವ ಗಾಡಿ ಹಿಡಿಯಬೇಕು ಎಂದು ಕೇಳುವುದು, ನಕ್ಷೆ ಕೊಟ್ಟು ದಾರಿ ಕೇಳುವುದು. ಮಗುವಿನ ಗಮನವೆಲ್ಲ ಗಾಡಿ ಹಿಡಿಯುವುದರ ಮೇಲೆ, ಭಾಷೆ ಹಿಂದಿನಿಂದ ತಾನಾಗಿ ಹತ್ತುತ್ತದೆ. 1987ರಲ್ಲಿ ಅವರು ಅದನ್ನು ಪುಸ್ತಕವಾಗಿ ಬರೆದರು, ದೇಶದೇಶಗಳ ಇಂಗ್ಲಿಷ್ ಶಿಕ್ಷಕರು ಅದನ್ನು ಓದಿದರು. ನಮ್ಮ ಮನೆಯಂಗಳದಲ್ಲಿ ಮೊಳೆತ ಗಿಡ, ನೆರಳು ಮಾತ್ರ ಹೊರಗಿನವರಿಗೆ ಹೋಯಿತು. ನಾನೂ ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಪಟ್ಟಿಯನ್ನೇ ಬರೆಸಿದೆ. ಪ್ರಭು ಅವರ ಹೆಸರು ನನ್ನ ಕಿವಿಗೆ ಬಿದ್ದದ್ದು ತಡವಾಗಿ. ಆ ಮೊದಲ ವರ್ಷಗಳ ಮಕ್ಕಳಿಗೆ ನಾನು ಋಣಿ, ಆ ಋಣ ತೀರಿಸುವ ಬಗೆ ತಿಳಿಯದೆ ಇದನ್ನು ಬರೆಯುತ್ತಿದ್ದೇನೆ.

ಕೊಪ್ಪದ ತರಗತಿಗೆ ರೈಲೇ ಬೇಕೆಂದಿಲ್ಲ. ಮದ್ದೂರಿನ ಬಸ್ಸು ಸಾಕು. ಯಾರು ಎಲ್ಲಿ ಗೆಟ್ ಆನ್, ಎಲ್ಲಿ ಗೆಟ್ ಆಫ್. ಕಂಡಕ್ಟರ್ ಯಾರನ್ನು ಪಿಕ್ ಅಪ್, ಯಾರನ್ನು ಡ್ರಾಪ್ ಆಫ್. ಬಸ್ಸು ಎಷ್ಟು ಗಂಟೆಗೆ ಸೆಟ್ ಆಫ್, ಎಲ್ಲಿ ಬ್ರೇಕ್ ಡೌನ್. ಕಬ್ಬು ಕಟಾವಿಗೆ ಬಂದಾಗ ಕಾರ್ಖಾನೆಯವರು ಕಟಿಂಗ್ ಆರ್ಡರನ್ನು ಯಾವಾಗ ಕೊಟ್ಟರು, ಮುಂದಕ್ಕೆ ಹಾಕಿದರೆ ಏನಾಗುತ್ತದೆ, ಒಣಗುವುದು ಯಾರ ಕಬ್ಬು. ಇದನ್ನು ಮಕ್ಕಳೇ ಮಾತಾಡಲಿ, ಮೊದಲು ಕನ್ನಡದಲ್ಲಿ, ಆಮೇಲೆ ಬಂದಷ್ಟು ಇಂಗ್ಲಿಷಿನಲ್ಲಿ. ಪುಟ್ ಆಫ್ ಎಂಬ ಮಾತಿಗೆ ಅವರ ಮನೆಯಲ್ಲಿರುವಷ್ಟು ತೂಕ ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ನಮ್ಮ ರಾಜ್ಯದಲ್ಲಿ ಭಾಷೆಯ ಜಗಳ ಯಾವಾಗಲೂ ಮಾಧ್ಯಮದ ಸುತ್ತ ತಿರುಗಿತು. 1994ರ ಭಾಷಾ ನೀತಿ, ಅದರ ಮೇಲಿನ ವ್ಯಾಜ್ಯ, 2014ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು, ನಡುವೆ 2007-08ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಒಂದು ವಿಷಯವಾಗಿ ಬಂದದ್ದು, 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆದದ್ದು. ಈ ಎಲ್ಲ ಗದ್ದಲದಲ್ಲಿ ತರಗತಿಯ ಒಳಗೆ ಇಂಗ್ಲಿಷನ್ನು ಕಲಿಸುತ್ತಿರುವುದು ಹೇಗೆ ಎಂದು ಕೇಳಿದವರು ವಿರಳ. ಮಾಧ್ಯಮ ಯಾವುದಾದರೂ ಇರಲಿ, ಪಟ್ಟಿ ಅದೇ, ರಾಗ ಅದೇ.

ಕನ್ನಡ ಇಂಗ್ಲಿಷಿಗೆ ಅಡ್ಡಿ ಎನ್ನುವವರು ಮಂಡ್ಯ ಜಿಲ್ಲೆಯ ಚರಿತ್ರೆಯನ್ನಾದರೂ ಓದಬೇಕು. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಮನೆತನದ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರೊಫೆಸರು. 1926ರಲ್ಲಿ 'ಇಂಗ್ಲಿಷ್ ಗೀತಗಳು' ಕೊಟ್ಟು ಹೊಸಗನ್ನಡ ಕಾವ್ಯದ ದಿಕ್ಕನ್ನೇ ತಿರುಗಿಸಿದವರು. ಅದಕ್ಕೂ ಮುಂಚೆ, 1911ರಲ್ಲಿ ಧಾರವಾಡದಲ್ಲಿ ಅವರು ಮಾಡಿದ ಭಾಷಣದ ಹೆಸರು 'ಕನ್ನಡ ಮಾತು ತಲೆಯೆತ್ತುವ ಬಗೆ'. ಆ ಹೆಸರಿನೊಳಗೇ ನೋಡಿ, ತಲೆಯೆತ್ತು. ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರೂ ಇಂಗ್ಲಿಷ್ ಮೇಷ್ಟ್ರೇ, ಅವರ ಕನ್ನಡ ಪ್ರಬಂಧಗಳ ತಿಳಿಯನ್ನು ನಾನು ಹೇಳಬೇಕಾಗಿಲ್ಲ. ಇವರ ಇಂಗ್ಲಿಷ್ ಕನ್ನಡವನ್ನು ಬಿಟ್ಟು ಬೆಳೆದದ್ದಲ್ಲ. ಒಂದು ಭಾಷೆಯ ಒಳಸುಳಿ ಬಲ್ಲ ಕಿವಿಯೇ ಇನ್ನೊಂದರ ಒಳಸುಳಿಯನ್ನೂ ಹಿಡಿಯುತ್ತದೆ.

ಪರೀಕ್ಷೆಯಲ್ಲಿ ಕೇಳುತ್ತಾರಲ್ಲ ಎಂಬುದು ಕೊನೆಯ ಆಕ್ಷೇಪಣೆ. ಕೇಳಲಿ. ಗಿವ್ ಅಪ್ ಅಂದರೆ ಬುಟ್ಬುಡು ಎಂದು ಮೈಯಿಂದ ಕಲಿತ ಮಗು ಪರೀಕ್ಷೆಯ ವಾಕ್ಯದಲ್ಲಿ ಅದನ್ನು ಗುರುತಿಸುತ್ತದೆ. ತ್ಯಜಿಸು ಎಂದು ಉರು ಹೊಡೆದ ಮಗು, ವಾಕ್ಯ ಸ್ವಲ್ಪ ಬದಲಾದರೂ ಕಂಗಾಲಾಗುತ್ತದೆ. ಪೇಟೆಯ ಅನುಕೂಲಸ್ಥರ ಮಕ್ಕಳಿಗೆ ಮನೆಯಲ್ಲಿ, ಟೀವಿಯಲ್ಲಿ, ಗೆಳೆಯರಲ್ಲಿ ಈ ಮಾತುಗಳು ಕಿವಿಗೆ ಬೀಳುತ್ತಲೇ ಇರುತ್ತವೆ, ಅವರಿಗೆ ಪಟ್ಟಿ ಕೊಟ್ಟರೂ ನಷ್ಟವಿಲ್ಲ. ಪಟ್ಟಿಯೊಂದೇ ಗತಿ ಎಂದು ನಂಬಿ ಮುಳುಗುವುದು ನಮ್ಮ ಹೋಬಳಿಯ ಮಕ್ಕಳು.

ಈಗ ತಮ್ಮನ ಮಗಳು ವಾರಕ್ಕೆ ಎರಡು ದಿನ ಬರುತ್ತಾಳೆ. ಮೊನ್ನೆ ಬಂದವಳು ನೋಟ್‌ಬುಕ್ ತೆಗೆಯುವ ಮೊದಲೇ ಕೇಳಿದಳು:

"ದೊಡ್ಡಪ್ಪ, ಬಾಗ್ಲು ಮುಚ್ಚು ಅಂದ್ರೆ ಶಟ್ಟು. ಬಾಯ್ ಮುಚ್ಕೊ ಅಂದ್ರೆ ಶಟ್ ಅಪ್ಪು. ಹಂಗಾರೆ 'ಕೊ' ಅನ್ನೋದೇ ಅಪ್ಪಾ?"

"ಒಂದೊಂದ್ ಕಡೆ ಹಂಗೆ ಕಣವ್ವ. ನೋಡ್ಕೊ ಅನ್ನೋ ಕಡೆ ಏನಾಯ್ತದೆ?"

"ಆಫ್ಟರು," ಅಂದಳು, ಸ್ವಲ್ಪ ಹೊತ್ತು ಬಿಟ್ಟು.

ಆಮೇಲೆ ನೋಟ್‌ಬುಕ್ಕಿನ ಹಿಂದಿನ ಹಾಳೆಗೆ ತಿರುಗಿಸಿ, ಗೆರೆ ಎಳೆಯದೆ, ತಾನೇ ಬರೆಯುತ್ತ ಹೋದಳು. ನೋಡ್ಕೊ, ತಡ್ಕೊ, ಎತ್ಕೊ, ಬರ್ಕೊ, ಹಿಡ್ಕೊ, ಒಪ್ಕೊ. ಲೈಟು ಹಾಕುವ ಹೊತ್ತಿಗೆ ಲುಕ್ ಆಫ್ಟರ್, ಪುಟ್ ಅಪ್ ವಿತ್, ಪಿಕ್ ಅಪ್, ರೈಟ್ ಡೌನ್, ಹೋಲ್ಡ್ ಆನ್ ಎಂದು ಐದಕ್ಕೆ ಜೋಡಿ ಹುಡುಕಿದ್ದಳು. ಒಪ್ಕೊ ಎದುರಿಗೆ ಜಾಗ ಖಾಲಿ ಬಿಟ್ಟು, "ಇದ ನೀವ್ ಹೇಳ್ಬ್ಯಾಡಿ, ನಾನೇ ಹುಡುಕ್ತೀನಿ" ಎಂದು ಎದ್ದು ಹೋದಳು.